ಯಾವ ಬ್ಯಾಚು?

ರುಫೀನಾ ಪಾಪಾಸುಕಳ್ಳಿಯ ಎಳೆಯ ಹಾಳೆಗಳಿಂದ ಮುಳ್ಳು ಹೆರೆಯುತ್ತಿದ್ದಳು, ಮಧ್ಯಾಹ್ನದ ಪಲ್ಯಕ್ಕೆ. ಅಂಗಡಿಯೆದುರು ಹೊಳೆಯುವ ಬೂಟುಗಳು ಬಂದು ನಿಂತಾಗಲೂ ತಲೆ ಎತ್ತಲಿಲ್ಲ.

"ಏನ್ ಕೊಮಾದ್ರೆ, ಇನ್ನೂ ಮುಳ್ಳು ತೆಗೀತಾನೇ ಇದೀರಾ?"

"ಒಂದೂ ಉಳೀಬಾರದಲ್ಲ ಕೊಂಪಾದ್ರೆ. ಉಳಿದದ್ದು ಗಂಟಲಿಗೇ ಸಿಕ್ಕೋದು."

ಬಾಲ್ತಸಾರ್ ನಕ್ಕ. ರುಫೀನಾಳ ಮಗಳಿಗೆ ಜ್ಞಾನಸ್ನಾನವಾದಾಗ ಮಗುವನ್ನು ಎತ್ತಿಕೊಂಡು ನಿಂತವನು ಅವನೇ. ಮೆಕ್ಸಿಕೊದಲ್ಲಿ ಆ ನಂಟು ಒಡಹುಟ್ಟಿದವರ ನಂಟಿಗಿಂತ ದೊಡ್ಡದು. ಹೊಟ್ಟೆಯಲ್ಲಿ ಬೆಂಕಿಯಿದ್ದರೂ ಕೊಮಾದ್ರೆ, ಕೊಂಪಾದ್ರೆ ಎಂದೇ ಕರೆಯಬೇಕು. ಬೈದರೂ ಬಹುವಚನದಲ್ಲೇ ಬೈಯಬೇಕು.

ಬೆಂಕಿಗೆ ಕಾರಣವಿತ್ತು. ಹಿಂದೆ ಕೈಯಲ್ಲಿ ಹಿಡಿದು ಆಡುವ ಗೇಮ್ ಯಂತ್ರವೊಂದು ಬಂದಿತ್ತು. ಹೊರಗಿನ ಆಟಗಳನ್ನು ತಡೆಯುವ ಅದರ ಸಾಫ್ಟ್‌ವೇರ್ ಬೀಗದಲ್ಲಿ ಬಿರುಕು ಕಂಡುಹಿಡಿದವಳು ರುಫೀನಾ. ಅದು ತನ್ನದೆಂದು ಎಲೆಕ್ಟ್ರಾನಿಕ್ಸ್ ಬಜಾರಿನ ಹಜಾರದಲ್ಲಿ ವೇದಿಕೆ ಹತ್ತಿ ಹೇಳಿಕೊಂಡವನು ಬಾಲ್ತಸಾರ್. ಪೊಲೀಸರು ಬಂದಾಗ ಮಾತ್ರ ಅವನ ಬೆರಳು ಅವಳ ಕಡೆ ತಿರುಗಿತು. ಬೆಸುಗೆ ಕಡ್ಡಿಯಿಂದ ಹಿಡಿದು ಸ್ಕ್ರೂ ಡಬ್ಬಿಯವರೆಗೆ ಅವಳದೆಲ್ಲವೂ ಹೋಯಿತು. ಈಗ ಅದೇ ಬಜಾರಿನ ಸಂಕೀರ್ಣದಲ್ಲಿ ಅವನಿಗೆ ಮೇಲೆ ಗಾಜಿನ ಅಂಗಡಿ, ಅವಳಿಗೆ ನೆಲಮಾಳಿಗೆಯ ಗೂಡು. ಹೋದ ಸಾಮಾನಿಗೆ ಅವಳು ಅಳಲಿಲ್ಲ. ಹೋದ ಹೆಸರು ಮಾತ್ರ ಅದೇ ವೇದಿಕೆಯ ಮೇಲೆ, ಅದೇ ಜನರೆದುರು, ಅವನ ಬಾಯಿಂದಲೇ ಹೊರಬರಬೇಕು. ಅದಕ್ಕಾಗಿ ಕಾದಿದ್ದಳು.

"ಶನಿವಾರ ಹೊಸ ಯಂತ್ರ ಅಂಗಡಿಗೆ ಬರ್ತಿದೆ," ಎಂದ ಬಾಲ್ತಸಾರ್. "ಚಿತ್ರ ಹಿಗ್ಗಿಸೋ ಚಿಪ್ಪಿದೆಯಂತೆ. ಮಸುಕು ಮಸುಕಾದ ಹಳೇ ಆಟಾನೂ ಟೀವಿ ತುಂಬ ಚೊಕ್ಕಟವಾಗಿ ಕಾಣತ್ತಂತೆ. ಆದ್ರೆ ಕಂಪನಿ ಮಾರಿದ ಆಟಕ್ಕೆ ಮಾತ್ರ. ಬೀಗ ಒಡೆದ್ರೆ ಎಲ್ಲಾ ಆಟಕ್ಕೂ. ಒಡೆಯತ್ತೆ ಅಂತೀರಾ?"

"ಬೀಗ ಮಾಡಿದೋರು ನಿಮ್ಮಂಥೋರನ್ನ ಚೆನ್ನಾಗಿ ಬಲ್ಲೋರು, ಕೊಂಪಾದ್ರೆ. ಆಸೆ ಬಿಡಿ."

ಅವನ ಕಣ್ಣು ಅವಳ ಬೆನ್ನ ಹಿಂದಿನ ಟೀವಿಯ ಮೇಲಿತ್ತು. ಅದರಲ್ಲಿ ಹಳೆಯ ಕುಸ್ತಿಯಾಟ ಓಡುತ್ತಿತ್ತು. ಎಂದೋ ಮಾರಾಟ ನಿಂತ, ಯಾವ ಕಂಪನಿಯೂ ಈಗ ಕೊಡದ ಆಟ. ಹಿಂದೆ ಕುಸ್ತಿಪಟುವಿನ ಮುಖವಾಡ ಬರಿಯ ನೀಲಿ ಚೌಕಗಳಾಗಿತ್ತು. ಈಗ ಅದರ ಹೊಲಿಗೆ ಎಣಿಸಬಹುದಿತ್ತು.

ರುಫೀನಾ ಗಡಿಬಿಡಿಯಲ್ಲಿ ಟೀವಿ ಆರಿಸಿದಳು. ಪಕ್ಕದಲ್ಲಿದ್ದ ಯಂತ್ರದ ಮೇಲೆ ಬಟ್ಟೆ ಎಳೆದಳು. ಕೈ ತೊಳೆದಳು.

"ಪಲ್ಯಕ್ಕೆ ತೋರ್ತಿಯಾ ರೊಟ್ಟಿ ತಂದುಬಿಡ್ತೀನಿ. ಅಂಗಡಿ ಕಡೆ ಒಂಚೂರು ನೋಡ್ಕೊಳ್ಳಿ. ನಿಮ್ಮನ್ನ ಬಿಟ್ಟು ಇನ್ಯಾರನ್ನ ನಂಬಲಿ?"

ಅವಳು ಮರೆಯಾದದ್ದೇ ತಡ, ಬಟ್ಟೆ ಸರಿಯಿತು. ಹೊಸ ಯಂತ್ರವೇ! ಬೆನ್ನಿನ ಮೇಲೆ, ಕಾರ್ಖಾನೆಯ ಯಾವ ಕಂತಿನ ಮಾಲೆಂದು ಹೇಳುವ ಬ್ಯಾಚಿನ ಸಂಖ್ಯೆಯ ಚೀಟಿ ಇರಲಿಲ್ಲ. ಲಾರಿಯಿಂದ ಜಾರಿದ ಕಳ್ಳಮಾಲು, ಸಂಖ್ಯೆ ಕಿತ್ತಿದ್ದಾರೆ ಎಂದುಕೊಂಡ. ಈ ಬಜಾರಿಗೆ ಎಷ್ಟೋ ಮಾಲು ಅಂಗಡಿ ಸೇರುವ ಮುನ್ನವೇ ಬರುತ್ತದೆ; ಎಲ್ಲಿಂದ ಬಂತು ಎಂದು ಕೇಳುವುದು ಇಲ್ಲಿ ಮರ್ಯಾದೆಯಲ್ಲ. ಕೇಳಲು ಅವನಿಗೆ ಬಾಯಿಯೂ ಇರಲಿಲ್ಲ. ಕದಿಯುವವನು ವಿಳಾಸ ಕೇಳುತ್ತಾನೆಯೇ? ಬೀಗ ಒಡೆದ ಪ್ರೋಗ್ರಾಂ ಇದರಲ್ಲೇ ಇರಬೇಕೆಂದು ಯಂತ್ರದ ಮೆಮೊರಿ ಕಾರ್ಡು ತೆಗೆದು, ಅದರಲ್ಲಿದ್ದುದನ್ನೆಲ್ಲ ತನ್ನ ಫೋನಿಗೆ ಇಳಿಸಿಕೊಂಡ.

ರುಫೀನಾ ಬಿಸಿ ತೋರ್ತಿಯಾ ಹಿಡಿದು ಬಂದಾಗ ಬಟ್ಟೆ ಹಿಂದುಮುಂದಾಗಿತ್ತು. ಅವಳು ಅವನಿಗೆ ಎರಡು ತೋರ್ತಿಯಾ ಸುತ್ತಿ ಕೊಟ್ಟಳು.

ಮರುದಿನವೇ ಸಂಕೀರ್ಣದ ತುಂಬ ಭಿತ್ತಿಪತ್ರ: ಶನಿವಾರ, ಹೊಸ ಯಂತ್ರ, ಬೀಗ ಒಡೆಯುವವನು ಬಾಲ್ತಸಾರ್. ಪಕ್ಕದಂಗಡಿಯಲ್ಲಿ ಕೇಬಲ್ ಮಾರುವ ಚೋನಾ ಉರಿದುಬಿದ್ದಳು.

"ನಿನ್ನೆ ಕಾರ್ಡು ತೆಗೆದದ್ದನ್ನ ನಾನೇ ನೋಡ್ದೆ, ಮತ್ತೆ ನಿನ್ನದೇ ಕದ್ದಿದಾನೆ ಕಣೇ! ನೀನು ಪಲ್ಯ ಹೆಚ್ಕೊಂಡು ಕೂತಿದೀಯಲ್ಲ!"

"ಹಸಿವಾಗತ್ತಲ್ಲ."

ಚೋನಾ ದನಿ ತಗ್ಗಿಸಿದಳು. "ಕಾರ್ಡಲ್ಲಿ ವಿಷ ಇಟ್ಟಿದೀಯಾ? ಮಕ್ಕಳ ಯಂತ್ರ ಎಲ್ಲಾ ಸಾಯತ್ತಾ?"

"ಥೂ, ಮಕ್ಕಳೇನು ಮಾಡಿದ್ರು ನನಗೆ? ಒಂದೂ ಸಾಯಲ್ಲ. ಬಾ ಶನಿವಾರ, ಮುಂದಿನ ಸಾಲಲ್ಲಿ ಕೂರೋಣ."

ಶನಿವಾರ ಹಜಾರ ಕಿಕ್ಕಿರಿದಿತ್ತು. ಆಗಷ್ಟೇ ಕೊಂಡ ಯಂತ್ರದ ಡಬ್ಬಿಗಳನ್ನು ಎದೆಗವಚಿಕೊಂಡು ಜನ ನಿಂತಿದ್ದರು. ಬಾಲ್ತಸಾರ್ ಮೈಕು ಹಿಡಿದು, ಕದ್ದದ್ದನ್ನು ತುಂಬಿಸಿದ್ದ ಕಾರ್ಡನ್ನು ಎತ್ತಿ ತೋರಿಸಿ, ಮೊದಲ ಯಂತ್ರಕ್ಕೆ ತೂರಿಸಿದ. ಪರದೆಯ ಮೇಲೆ ಒಂದು ಸಾಲು ಬಂತು: ಈ ಕಾರ್ಡಿಗೆ ಇಲ್ಲಿ ಪ್ರವೇಶವಿಲ್ಲ. ಇನ್ನೊಂದು ಯಂತ್ರ ತರಿಸಿದ. ಅದೇ ಸಾಲು. ಮತ್ತೊಂದು. ಅದೇ.

ಸಿಳ್ಳೆ ಶುರುವಾಯಿತು.

"ಮೇಷ್ಟ್ರೇ, ನೀವು ಒಡೆದದ್ದು ಯಾವ ಬ್ಯಾಚು?" ಹಿಂದಿನಿಂದ ಯಾರೋ ಕೂಗಿದರು. ಈ ಕಸುಬಿನಲ್ಲಿ ಎಲ್ಲರೂ ಮೊದಲು ಕೇಳುವ ಪ್ರಶ್ನೆ.

ಬಾಲ್ತಸಾರನಿಗೆ ಆ ಯಂತ್ರದ ಚೀಟಿಯಿಲ್ಲದ ಬೆನ್ನು ನೆನಪಾಯಿತು. ಬೆವರು ಒರೆಸಿಕೊಂಡ. ಮುಂದಿನ ಸಾಲಿನಲ್ಲಿ ರುಫೀನಾ ಕಂಡಳು.

"ಕೊಮಾದ್ರೆ! ಏನು ಮಾಡಿಟ್ರಿ ನಿಮ್ಮ ಕಾರ್ಡಿಗೆ?"

ಮೈಕು ಅವನ ಕೈಯಲ್ಲೇ ಇತ್ತು.

"ಯಾವ ಕಾರ್ಡು, ಕೊಂಪಾದ್ರೆ?"

"ಆಟ ಆಡಬೇಡಿ! ಹಿಂದಿನ ಸಲ ನಿಮ್ಮದು ಸರಿಯಾಗೇ ನಡೀತಲ್ಲ!"

ಮಾತು ಹಜಾರದ ನಾಲ್ಕು ಮೂಲೆಯ ಸ್ಪೀಕರುಗಳಿಂದಲೂ ಹೊರಬಿತ್ತು. ಸಿಳ್ಳೆ ನಿಂತಿತು. ತಲೆಗಳು ಒಂದೊಂದಾಗಿ ರುಫೀನಾಳತ್ತ ತಿರುಗಿದವು. ಬಾಲ್ತಸಾರ್ ಬಾಯಿ ಮುಚ್ಚಿಕೊಂಡ, ತಡವಾಗಿ.

"ಅಯ್ಯೋ ಪಾಪ," ಎಂದಳು ಚೋನಾ, ಎಲ್ಲರಿಗೂ ಕೇಳುವಂತೆ. "ಗಂಟಲಿಗೆ ಮುಳ್ಳು ಸಿಕ್ಕಿರಬೇಕು."

ನಗುವಿನ ನಡುವೆ ರುಫೀನಾ ಎದ್ದು ನೆಲಮಾಳಿಗೆಗೆ ಇಳಿದಳು. ಬಹಳ ದಿನಗಳಿಂದ ಬರೆದಿಟ್ಟೂ ಕಳಿಸದಿದ್ದ ಪತ್ರವೊಂದು ಅವಳ ಫೋನಿನಲ್ಲಿತ್ತು. ಮೇಲಿನಿಂದ ಕೆಳಗೆ ಓದಿದಳು. ಒಂದಕ್ಷರವನ್ನೂ ತಿದ್ದದೆ, ಹೊಸ ಯಂತ್ರದ ಕಂಪನಿಗೆ ಕಳಿಸಿದಳು:

"ಮಾನ್ಯರೇ, ಈ ಯಂತ್ರದ ಬೀಗವನ್ನು ರೂಪಿಸಿದವಳು ನಾನು ಎಂದು ಇನ್ನು ನನ್ನ ಹೆಸರು ಹಾಕಿಯೇ ಪ್ರಕಟಿಸಬಹುದು; ಬೀಗ ಕೂರಿಸುವ ಮೊದಲು ನೀವು ಕೊಟ್ಟಿದ್ದ, ಬೀಗವೂ ಬ್ಯಾಚಿನ ಚೀಟಿಯೂ ಇಲ್ಲದ ಮಾದರಿ ಯಂತ್ರದ ಕೆಲಸ ಮುಗಿಯಿತು, ಹಿಂದಿರುಗಿಸುತ್ತಿದ್ದೇನೆ."