ನೆನೆದವರ ರಿಜಿಸ್ಟರು

ನಮ್ಮ ಊರಿನಲ್ಲಿ ಯಾರು ಯಾರನ್ನು ನೆನೆದರೂ ಪುರಸಭೆಯ ರಿಜಿಸ್ಟರಿನಲ್ಲಿ ತಾನಾಗಿಯೇ ದಾಖಲಾಗುತ್ತದೆ. ಅದನ್ನು ಕಾಯುವ ಗುಮಾಸ್ತ ನಾನು. ಗೆದ್ದಲು ಹಿಡಿಯದಂತೆ ನೋಡಿಕೊಂಡರೆ ನನ್ನ ಕೆಲಸ ಮುಗಿಯಿತು.

ಹಾರ್ಮೋನಿಯಂ ರಿಪೇರಿ ಮಾಡುವ ಅಡಿವೆಪ್ಪನವರು ಒಂದು ದಿನ ಮಾಹಿತಿ ಹಕ್ಕಿನ ಅರ್ಜಿ ತಂದರು.

"ಈ ವರ್ಷ ನನ್ನ ಯಾರ್‍ಯಾರು ನೆನಸ್ಯಾರ, ಅದರ ನಕಲು ಬೇಕ್ರಿ ಸಾಹೇಬ್ರ."

ಅವರ ಪುಟ ತೆಗೆದೆ. ಒಂದು ಹೆಸರೂ ಇರಲಿಲ್ಲ. ಖಾಲಿ ಪುಟಕ್ಕೆ ಸೀಲು ಹೊಡೆಯಲು ನಿಯಮ ಬಿಡುವುದಿಲ್ಲ.

"ಮೂವತ್ತು ದಿನ ಬಿಟ್ಟು ಬರ್ರಿ," ಎಂದೆ.

ಮೇಜಿನ ಮೇಲೆ ಅರ್ಜಿ ಬಾಕಿಯಿದ್ದರೆ ನನಗೆ ಊಟ ಸೇರುವುದಿಲ್ಲ. ದಿನವೂ ಬುತ್ತಿ ಬಿಚ್ಚಿದಾಗ ಅವರ ಖಾಲಿ ಪುಟವೇ ಕಣ್ಣ ಮುಂದೆ ಬರುತ್ತಿತ್ತು.

ಮೂವತ್ತನೇ ದಿನ ನೋಡಿದರೆ ಪುಟ ತುಂಬಿತ್ತು. ಸೀಲು ಹೊಡೆದು ನಕಲು ಕೊಟ್ಟೆ. ಅಡಿವೆಪ್ಪನವರು ಕನ್ನಡಕ ಏರಿಸಿ ನಿಧಾನವಾಗಿ ಓದಿದರು.

"ಎಲ್ಲಾ ನಿಮ್ಮ ಹೆಸರ ಐತಲ್ರಿ."

"ಅರ್ಜಿ ಬಾಕಿ ಇತ್ತಲ್ರಿ, ದಿನಾ ನೆನಪಾಗ್ತಿತ್ತು."

ಅವರು ನಕಲನ್ನು ಮಡಚಿ ಅಂಗಿಯ ಕಿಸೆಯಲ್ಲಿಟ್ಟು ಬಾಗಿಲ ತನಕ ಹೋಗಿ, ತಿರುಗಿ ಬಂದರು.

"ಇದರ ಮ್ಯಾಲ ಮೇಲ್ಮನವಿ ಹಾಕಾಕ ಬರ್ತೈತೇನ್ರಿ?"

"ಬರ್ತೈತ್ರಿ. ಆದ್ರ ಅದು ಮುಗಿಯಾಕ ನಲವತ್ತೈದು ದಿನ ಹಿಡಿತೈತಿ."

"ಹಿಡೀಲಿ ಬಿಡ್ರಿ," ಎನ್ನುತ್ತ ಅವರು ಕುರ್ಚಿ ಎಳೆದುಕೊಂಡು ನನ್ನ ಪೆನ್ನು ಕೇಳಿದರು.