ಪಟ್ಟಿಯಲ್ಲಿ ಮೊದಲ ಭಾಷೆ

ಆಸ್ಪತ್ರೆಯ ವೆಬ್‌ಸೈಟು ಅತ್ತೆಗೆ ಸೊಸೆಯ ಭಾಷೆಯಲ್ಲಿ ಸ್ವಾಗತ ಕೋರಿತು. ಮಂಡಿನೋವಿಗೆಂದು ಡಾಕ್ಟರ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳಲು ಮನೆಯ ಕಂಪ್ಯೂಟರಿನ ಮುಂದೆ ಕುಳಿತಿದ್ದ ಅತ್ತೆ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು. ಹೋದ ತಿಂಗಳವರೆಗೂ ಕನ್ನಡದಲ್ಲೇ ತೆರೆದುಕೊಳ್ಳುತ್ತಿದ್ದ ಪುಟ ಅದು. ಈಗ ಒಂದಕ್ಷರವೂ ಅರ್ಥವಾಗದು. ಆದರೆ ಆ ಅಕ್ಷರ ಯಾರ ತವರಿನದೆಂದು ತಿಳಿಯಲು ಓದು ಬರಬೇಕಾಗಿರಲಿಲ್ಲ.

"ಮಗನ್ನಂತೂ ನಿನ್ನ ಕಡೆ ಮಾಡ್ಕೊಂಡಾಯ್ತು. ಈಗ ಕಂಪ್ಯೂಟರನ್ನೂ ಮಾಡ್ಕೊಂಡ್ಯಾ?" ಎಂದು ಕೂಗಿದರು.

ಒಳಕೋಣೆಯಲ್ಲಿ ಆಫೀಸಿನ ಕೆಲಸ ಮಾಡುತ್ತಿದ್ದ ಸೊಸೆ ಬಂದು ನೋಡಿದಳು. ವೆಬ್‌ಸೈಟು ಮಾಡುವುದೇ ಅವಳ ಉದ್ಯೋಗ. "ಅತ್ತೆ, ನೀವ್ಯಾರು ಅಂತ ಸೈಟಿಗೆ ಗೊತ್ತಿರಲ್ಲ. ಬ್ರೌಸರಲ್ಲಿ ಭಾಷೆಗಳದ್ದೊಂದು ಪಟ್ಟಿ ಇರುತ್ತೆ. ಅದರಲ್ಲಿ ಯಾವುದು ಮೊದಲಿದೆಯೋ ಆ ಭಾಷೇಲಿ ಸೈಟು ಮಾತಾಡುತ್ತೆ," ಎಂದು ಪಟ್ಟಿಯನ್ನೇ ತೆರೆದು ತೋರಿಸಿದಳು. ತೋರಿಸಬಾರದಿತ್ತು. ಅವಳ ಭಾಷೆ ಮೊದಲಿತ್ತು, ಕನ್ನಡ ಅದರ ಕೆಳಗೆ.

"ಓಹೋ, ತಾನಾಗೇ ಮೇಲೆ ಹತ್ತಿ ಕೂತ್ಕೊಳ್ತೋ?"

"ನಾನು ಮುಟ್ಟಿಲ್ಲ ಅತ್ತೆ. ನನಗೆ ಆಫೀಸಿನ ಲ್ಯಾಪ್‌ಟಾಪೇ ಇದೆಯಲ್ಲ."

"ಈ ಮನೇಲಿ ಆ ಭಾಷೆ ಇನ್ಯಾರಿಗೆ ಬರುತ್ತೆ? ನಿನ್ನ ಗಂಡನಿಗೇ ನೆಟ್ಟಗೆ ಬರಲ್ಲ!"

ಅತ್ತೆಯ ಅನುಮಾನ ಇಂದಿನದಲ್ಲ. ದಿನಾ ಮಧ್ಯಾಹ್ನ ಸೊಸೆ ತವರಿಗೆ ಫೋನ್ ಮಾಡಿದಾಗ, ಆ ಅರ್ಥವಾಗದ ಮಾತಿನ ನಡುವೆ 'ಅತ್ತೆ' ಎಂಬ ಒಂದು ಪದ ಮಾತ್ರ ಆಗಾಗ ಕಿವಿಗೆ ಬೀಳುತ್ತಿತ್ತು. ಉಳಿದದ್ದನ್ನು ಅತ್ತೆಯೇ ತುಂಬಿಕೊಳ್ಳುತ್ತಿದ್ದರು. ಆ ವಿಷಯದಲ್ಲಿ ಅವರದು ಧಾರಾಳ ಕೈ.

"ಸಂಜೆ ನನ್ನ ಮಗ ಬರ್ಲಿ. ಇಬ್ಬರೂ ಬೇರೆ ಮನೆ ನೋಡ್ಕೊಳ್ಳಿ ಅಂತೀನಿ. ಸಾಕಾಯ್ತು ನನಗೆ."

ಸೊಸೆಯ ಕಣ್ಣು ತುಂಬಿತು. ಅಲ್ಲಿಯವರೆಗೂ ಪೇಪರಿನ ಹಿಂದೆ ಕುಳಿತಿದ್ದ ಮಾವ ಒಮ್ಮೆ ಕೆಮ್ಮಿದರು. "ಅವಳನ್ನ ಬಿಡೇ. ಪಟ್ಟಿ ಬದಲಾಯಿಸಿದ್ದು ನಾನು. ಓದಿ ಓದಿ ರೂಢಿ ಆಗ್ಲಿ ಅಂತ."

"ನೀವಾ? ಈ ವಯಸ್ಸಲ್ಲಿ ನಿಮಗ್ಯಾಕ್ರೀ ಆ ಭಾಷೆ?"

"ಅವಳು ಫೋನಲ್ಲಿ ನನ್ನ ಮೇಲೆ ಚಾಡಿ ಹೇಳ್ತಾಳೆ, ಚಾಡಿ ಹೇಳ್ತಾಳೆ ಅಂತ ಒಂದು ವರ್ಷದಿಂದ ನನ್ನ ತಲೆ ತಿಂದವಳು ಯಾರು? ನೋಡೇಬಿಡೋಣ ಅಂತ ಕದ್ದು ಕಲಿತೆ."

ಸೊಸೆಯ ಮುಖ ಬಿಳಿಚಿಕೊಂಡಿತು. "ಮಾವ, ಹಾಗಾದ್ರೆ ನಾನು ಅಮ್ಮನ ಹತ್ರ ಹೇಳೋದೆಲ್ಲ ನಿಮಗೆ..."

"ಅರ್ಥ ಆಗುತ್ತಮ್ಮ."

ಅವಳು ತಲೆ ತಗ್ಗಿಸಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಅತ್ತೆಗೆ ಮಂಡಿನೋವೇ ಮರೆತುಹೋಯಿತು. ಕುರ್ಚಿಯನ್ನು ಗಂಡನ ಪಕ್ಕಕ್ಕೆ ಎಳೆದುಕೊಂಡರು.

"ನೋಡಿದ್ರಾ? ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಹಾಗಾಯ್ತು. ಈಗ ಹೇಳಿ, ಏನಂತಾಳೆ ನನ್ನ ಬಗ್ಗೆ?"

ಮಾವ ಹೆಂಡತಿಯ ಮುಖ ನೋಡದೆ ಪೇಪರು ಮಡಚಿದರು. "ದಿನಾ ಸುಳ್ಳು ಹೇಳ್ತಾಳೆ."

"ನಂಗೊತ್ತಿತ್ತು! ಏನಂತ?"

"ಅತ್ತೆ ನನ್ನನ್ನ ಮಗಳ ಥರ ನೋಡ್ಕೊಳ್ತಾರೆ ಅಂತ."