ಪದರ ಈಗಾಗಲೇ ಇದೆ

ಕಳ್ಳತನ ನಡೆದಿತ್ತು, ಕಳ್ಳ ಕೋಣೆಯೊಳಗೇ ಇದ್ದಂತಿತ್ತು.

ಎಂಜಿನಿಯರರು ಪರದೆಯನ್ನು ಮೂರನೆಯ ಸಲ ಓದಿದರು. 'ಪದರ ಈಗಾಗಲೇ ಇದೆ.' ಕೆಳಗಿನ ಸಾಲಿನಲ್ಲೂ ಅದೇ ಮಾತು. ಒಟ್ಟು ಒಂಬತ್ತು ಪದರ. ಒಂಬತ್ತಕ್ಕೂ ಒಂದೇ ಉತ್ತರ.

ಇರಲು ಸಾಧ್ಯವೇ ಇರಲಿಲ್ಲ. ಈ ಸರ್ವರನ್ನು ಅವರು ಹೊಸದಾಗಿ ಕಟ್ಟಿ ನಿಲ್ಲಿಸಿದ್ದೇ ಇಂದು ಬೆಳಗ್ಗೆ, ತಮ್ಮ ಕೈಯಾರೆ. ಹನ್ನೊಂದು ಹೆಜ್ಜೆಗಳ ಪಟ್ಟಿಯನ್ನು ಮೇಜಿನ ಮೇಲೆ ಹರಡಿಕೊಂಡು, ಪ್ರಮಾಣಪತ್ರ ಜೋಡಿಸಿ, ಪಾಸ್‌ವರ್ಡ್ ಕಡತ ಬರೆದು, ಡಿಸ್ಕಿನ ದಾರಿ ತೋರಿಸಿ, ಮುಗಿದ ಪ್ರತಿ ಹೆಜ್ಜೆಗೂ ಪೆನ್ಸಿಲಿನಲ್ಲಿ ಗುರುತು ಹಾಕಿದ್ದರು. ಹೋದ ವಾರವಷ್ಟೇ ಬರೆದ ಹಾಳೆ ಅದು. ಆಗಲೇ ಮಡಿಕೆಯಲ್ಲಿ ಹರಿದಿತ್ತು. ಯಾರೋ ಟೇಪು ಹಚ್ಚಿದ್ದರು. ಈಗಿನ ಕಾಗದವೇ ಹೀಗೆ ಎಂದುಕೊಂಡಿದ್ದರು.

ಏರಿಸಲು ಹೊರಟದ್ದು ಒಂಬತ್ತು ವರ್ಷಗಳ ದುಡಿಮೆ: ನದಿಯ ನೀರು ಯಾವ ಗಂಟೆಗೆ ಎಷ್ಟು ಏರುತ್ತದೆಂದು ಮುಂಚಿತವಾಗಿ ಹೇಳುವ ಪ್ರೋಗ್ರಾಂ. ಅದಕ್ಕೆ ಬೇಕಾದ ಸಕಲ ಸರಂಜಾಮನ್ನೂ ಸೇರಿಸಿ ಒಂದೇ ಗಂಟು ಕಟ್ಟಿ, ಪದರ ಪದರವಾಗಿ ಈ ಸರ್ವರಿನ ಭಂಡಾರಕ್ಕೆ ಸೇರಿಸಿದರೆ, ಮಧ್ಯಾಹ್ನ ನದಿ ಕಚೇರಿಯವರು ಇಳಿಸಿಕೊಳ್ಳುವರು. ಬಾಡಿಗೆಯ ಭಂಡಾರ ಬೇಡವೆಂದು ಹಟ ಹಿಡಿದವರೂ ಎಂಜಿನಿಯರರೇ. ಬಿತ್ತನೆ ಬೀಜವನ್ನು ಯಾರಾದರೂ ಪರರ ಕಣಜದಲ್ಲಿ ಇಡುತ್ತಾರೆಯೇ?

ಪ್ರತಿ ಪದರಕ್ಕೂ ಅದರದೇ ಬೆರಳಚ್ಚು ಉಂಟು. ಒಂದಕ್ಷರ ಬದಲಾದರೆ ಬೆರಳಚ್ಚೂ ಬದಲು. ಒಮ್ಮೆ ಬಂದ ಬೆರಳಚ್ಚನ್ನು ಭಂಡಾರ ಮತ್ತೊಮ್ಮೆ ಒಳಗೆ ಬಿಡುವುದಿಲ್ಲ. ಅಂದರೆ ಯಾರೋ ಇದನ್ನೇ, ಅಕ್ಷರವೂ ಆಚೀಚೆಯಾಗದಂತೆ ಇದನ್ನೇ, ಮೊದಲೇ ತಂದಿಟ್ಟಿದ್ದರು.

ಕೋಣೆಯಲ್ಲಿದ್ದವರು ಇಬ್ಬರೇ. ಇನ್ನೊಬ್ಬಳು ಕಿಟಕಿಯ ಪಕ್ಕದ ಸಹಾಯಕಿ. ಇವತ್ತೇ ಸೇರಿದವಳು, ನಲವತ್ತು ದಾಟಿದ ಹೆಂಗಸು. ಈ ವಯಸ್ಸಿನಲ್ಲಿ ಯಾರು ಸಹಾಯಕಿಯಾಗಿ ಬರುತ್ತಾರೆ? ಕೇಳದೆಯೇ ಅರ್ಧ ಚಮಚ ಸಕ್ಕರೆಯ ಚಹಾ ತಂದಿಟ್ಟಿದ್ದಳು. ಐದನೆಯ ಹೆಜ್ಜೆಯಲ್ಲಿ ಅವರು ತಡವರಿಸಿದಾಗ, ಪಟ್ಟಿಯನ್ನು ನೋಡದೆಯೇ ಆರನೆಯದನ್ನು ಹೇಳಿದ್ದಳು. ಅನುಮಾನ ಆಗಲೇ ಬರಬೇಕಿತ್ತು.

"ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ರಂತೆ," ಎಂದರು, ಅವಳತ್ತ ತಿರುಗದೆ.

ಹೆಗಲು ಮುಟ್ಟಿಕೊಳ್ಳಲಿಲ್ಲ ಅವಳು. "ಇವತ್ತೇನು ಕಳುವಾಯ್ತು ಸಾರ್?"

ಎಂಜಿನಿಯರರು ಪದರಗಳ ತಾರೀಕು ತೆಗೆದರು. ನಿನ್ನೆ, ಹನ್ನೊಂದು ಗಂಟೆ ನಲವತ್ತು ನಿಮಿಷ. ಏರಿಸಿದವರ ಹೆಸರು ಅವರದೇ. ಮೇಜಿನ ಕೆಳಗೆ ನೆಲ ಬರಿಗಾಲಿಗೆ ತಣ್ಣಗೆ ಕೊರೆಯಿತು.

"ನಿನ್ನೆ ಇಲ್ಲಿ ಯಾರು ಕೂತಿದ್ರು?"

"ನಿಮ್ಮ ಹೆಸರೇ ಇದೆಯಲ್ಲ ಸಾರ್."

"ಹೆಸರು ಯಾರು ಬೇಕಾದ್ರೂ ಹಾಕ್ಕೋಬಹುದು. ನಂಗೂ ಒಬ್ಬ ಮಗಳಿದ್ದಾಳೆ, ಏಳನೇ ಕ್ಲಾಸು. ಪಕ್ಕದವಳ ಪೆನ್ಸಿಲ್ ಕದ್ದು ತಂದಾಗ ಮುಖ ನೋಡಿಯೇ ಹಿಡಿದಿದ್ದೆ."

"ಒಂದೇ ಸಲ ಇರಬೇಕು ಸಾರ್. ಪಾಪ, ಬಿಟ್ಬಿಡಿ."

ಎಂಥ ಧೈರ್ಯ! ನದಿ ಕಚೇರಿಗೆ ವಿಷಯ ಮುಟ್ಟಿಸಲೇಬೇಕಿತ್ತು. ಫೋನೆತ್ತಿ ಬಾಯಿಪಾಠವಾದ ಸಂಖ್ಯೆಯನ್ನು ಒತ್ತಿದರು. ಅಂತಹ ಸಂಖ್ಯೆಯೇ ಇಲ್ಲವೆಂದಿತು ಆ ಕಡೆಯ ಯಂತ್ರದ ದನಿ.

"ಫೋನಿಗೂ ಕೈ ಹಾಕಿದ್ಯಾ?"

"ನಂಬರ್ ಬದಲಾಗಿರಬೇಕು ಸಾರ್."

ಅವರು ನಕ್ಕರು. ಒಂಬತ್ತು ವರ್ಷ ಬೆಳೆದ ಪೈರು ಕಣ್ಣೆದುರೇ ಬೇರೆಯವರ ಕಣಕ್ಕೆ ಹೋದರೂ, ಕಳ್ಳನ ತಪ್ಪನ್ನು ಬೊಟ್ಟು ಮಾಡಿ ತೋರಿಸುವ ಸುಖವೊಂದು ಅವರಿಗೆ ಉಳಿದಿತ್ತು.

"ನೋಡಮ್ಮ, ನಿನ್ನೆ ಹಾಕಿದವರು ಸಾಯಂಕಾಲ ಅಳಿಸಿಯೂ ಹೋಗಿದ್ದಾರೆ. ಭಂಡಾರದ ಸೂಚಿ ಖಾಲಿ. ಆದ್ರೆ ಸೂಚಿಯಿಂದ ಗಂಟಿನ ಹೆಸರು ಅಳಿಸಿದ ಮಾತ್ರಕ್ಕೆ ಪದರ ಅಳಿಸಿಹೋಗೋದಿಲ್ಲ, ಡಿಸ್ಕಲ್ಲೇ ಬಿದ್ದಿರುತ್ತೆ. ಕಸ ಗುಡಿಸು ಅಂತ ಬೇರೆ ಆಜ್ಞೆ ಕೊಡಬೇಕು. ನಿಮ್ಮ ಕಳ್ಳ ಅದನ್ನ ಮರೆತ."

"ಸುಸ್ತಾಗಿರಬೇಕು ಸಾರ್."

"ಕಳ್ಳರಿಗೆ ಎಂಥ ಸುಸ್ತು?"

"ದಿನಾ ಮಾಡಿದ್ರೆ ಸುಸ್ತಾಗಲ್ವಾ?"

ಎಂಜಿನಿಯರರು ಮೇಜಿನ ಖಾನೆ ತೆರೆದರು. ನೋಟ್‌ಬುಕ್ ಎಳೆದುಕೊಂಡರು. ಇನ್ನೂರು ಪುಟವೆಂದು ರಟ್ಟಿನ ಮೇಲೆ ಅಚ್ಚಾಗಿದ್ದರೂ ಅದು ಚಪಾತಿಯಷ್ಟು ತೆಳ್ಳಗಿತ್ತು, ಅಂಗಡಿಯವರೂ ಕಳ್ಳರೇ. ದಾಖಲೆಯಿಲ್ಲದ ಸತ್ಯ ಸತ್ಯವಲ್ಲ ಎಂಬುದು ಅವರ ನಿಯಮ. ಅಕ್ಷರಗಳನ್ನು ದುಂಡಗೆ ಬರೆದರು: 'ಕದ್ದವಳು ಸಹಾಯಕಿ. ಸಾಕ್ಷಿ, ಒಂಬತ್ತು ಬೆರಳಚ್ಚು. ನಾಳೆ ಬೆಳಗ್ಗೆ ಎದ್ದ ಕೂಡಲೇ ದೂರು ಕೊಡತಕ್ಕದ್ದು.' ಕೆಳಗೆ ಸಹಿ ಹಾಕಿ, ಸಹಿಯ ಕೆಳಗೆ ಎರಡು ಗೆರೆ ಎಳೆದರು.

"ನಾಳೆಯಿಂದ ನೀನು ಬರಬೇಡ."

"ಆಗಲಿ ಸಾರ್."

ಇಷ್ಟು ಸುಲಭಕ್ಕೆ ಒಪ್ಪಿಕೊಂಡದ್ದೇ ಅವರಿಗೆ ವಿಚಿತ್ರವೆನಿಸಿತು. ಅವಳು ಎದ್ದು ಬಂದು ನೋಟ್‌ಬುಕ್ಕನ್ನು ಅವರ ಕೈಯಿಂದ ಮೆಲ್ಲಗೆ ಬಿಡಿಸಿಕೊಂಡಳು. ಆ ಪುಟವನ್ನು ಹೊಲಿಗೆಯ ಗುಂಟ ಜೋಪಾನವಾಗಿ ಹರಿದಳು. ಒಳಗೆ, ಹಿಂದೆ ಹರಿದ ಪುಟಗಳ ಅಂಚುಗಳು ಕೊಯ್ದ ಗದ್ದೆಯ ಕೂಳೆಯಂತೆ ಸಾಲಾಗಿ ನಿಂತಿದ್ದವು. ಆಮೇಲೆ ರಬ್ಬರು ತೆಗೆದುಕೊಂಡು ಪಟ್ಟಿಯ ಹನ್ನೊಂದು ಪೆನ್ಸಿಲ್ ಗುರುತುಗಳನ್ನೂ ಒಂದೊಂದಾಗಿ ಉಜ್ಜಿದಳು. ಅವರ ಭುಜದ ಮೇಲಿನಿಂದ ಬಾಗಿ, ಅವರು ಈಗಷ್ಟೇ ವಿವರಿಸಿದ ಆಜ್ಞೆಯನ್ನು ಒಂದಕ್ಷರವೂ ತಪ್ಪದೆ ಒತ್ತಿದಳು. ಒಂಬತ್ತು ಪದರಗಳೂ ಪರದೆಯ ಮೇಲೆ ಒಂದರ ಹಿಂದೊಂದು ಇಲ್ಲವಾದವು.

"ಯಾರಮ್ಮ ನೀನು?" ಎಂದರು ಎಂಜಿನಿಯರರು.

"ಎರಡು ವರ್ಷದಲ್ಲಿ ನಾನು ಕಸ ಗುಡಿಸೋದು ಮರೆತದ್ದು ಇದು ಮೂರನೇ ಸಲ ಅಪ್ಪಾ, ನಾಳೆ ಮರೆಯೋದಿಲ್ಲ, ಏಳು, ಒಳಗೆ ಊಟ ಆರ್ತಿದೆ."